ಎಷ್ಟು ಮುಟ್ಟಬೇಕು, ಎಲ್ಲಿ ಬಿಡಬೇಕು

ನನ್ನ ಹಳೆಯ ರೈಫಲ್‌ನ ಲಿವರ್ ಮೊದಲನೇ ಸಲ ಪೂರ್ತಿ ಕೆಳಗೆ ಬಂದಾಗ ಒಳಗಿನಿಂದ ಒಂದು ಹಿಡಿ ಕಂದು ಪುಡಿ ಉದುರಿತು. ತುಕ್ಕು, ಒಣಗಿ ಗಟ್ಟಿಯಾದ ಎಣ್ಣೆ, ಯಾವುದೋ ಹುಳ ಕಟ್ಟಿದ್ದ ಮಣ್ಣಿನ ಗೂಡಿನ ಚೂರುಗಳು. ಅಲ್ಲಿಯವರೆಗೆ ಬರೋದಕ್ಕೆ ಒಂಬತ್ತು ದಿನ ಹಿಡಿದಿತ್ತು. ದಿನಾ ಸಂಜೆ ಒಂದೊಂದು ಕೀಲಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಡುವುದು, ಬಟ್ಟೆ ಸುತ್ತಿ ಇಡುವುದು, ಮರುದಿನ ಮೆಲ್ಲಗೆ ಅಲುಗಿಸಿ ನೋಡುವುದು, ಇಷ್ಟೇ ಕೆಲಸ. ಬಲ ಹಾಕಿದ್ದರೆ ಮೊದಲ ದಿನವೇ ಬರುತ್ತಿತ್ತೋ ಏನೋ. ಆದರೆ ಬರುವಾಗ ಯಾವುದಾದರೂ ಪಿನ್ ಮುರಿದುಕೊಂಡೇ ಬರುತ್ತಿತ್ತು.

ಇದು ವಿಂಚೆಸ್ಟರ್ 1873, ಅಂದರೆ ಅಮೆರಿಕದ ವಿಂಚೆಸ್ಟರ್ ಕಂಪನಿಯ 1873ರ ಮಾದರಿ. ಒಂದೊಂದು ಸಲ ಗುಂಡು ಹಾರಿಸಿದಾಗಲೂ ತೋಟಾ ತುಂಬಬೇಕಿಲ್ಲದ, ಲಿವರ್ ಎಳೆದು ತಳ್ಳಿದರೆ ಮುಂದಿನ ತೋಟಾ ತಾನೇ ಬಂದು ಕೂರುವ ರೈಫಲ್. ಇಂಥದ್ದಕ್ಕೆ ರಿಪೀಟರ್ ಅಂತಾರೆ. ಗೋಡೆಗೆ ನೇತುಹಾಕೋಕೆ ಅಂತ ನಾನು ಇದನ್ನು ತಗೊಂಡಿರಲಿಲ್ಲ. ಇದರಲ್ಲಿ ಗುಂಡು ಹಾರಿಸಬೇಕು ಅನ್ನೋ ಆಸೆ ಮೊದಲಿನಿಂದಲೂ ಇತ್ತು. ಆ ಆಸೆಯೇ ಮುಂದಿನ ಎಲ್ಲ ತೀರ್ಮಾನಗಳನ್ನೂ ಕಷ್ಟ ಮಾಡಿದ್ದು.

ಯಾಕೆಂದರೆ ಸುಮ್ನೆ ನೋಡೋದಕ್ಕೆ ಇಡುವ ಬಂದೂಕಿಗೆ ಒಂದೇ ನಿಯಮ ಸಾಕು: ಇನ್ನಷ್ಟು ಹಾಳಾಗದ ಹಾಗೆ ನೋಡಿಕೊಳ್ಳಿ, ಮತ್ತೇನೂ ಮಾಡಬೇಡಿ. 2014ರಲ್ಲಿ ಅಮೆರಿಕದ ನೆವಾಡಾದಲ್ಲಿರುವ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಜೂನಿಪರ್ ಮರಕ್ಕೆ ಒರಗಿಸಿಟ್ಟ ಹಾಗೇ ಒಂದು ರೈಫಲ್ ಸಿಕ್ಕಿತು. ಇದೇ 1873 ಮಾದರಿ. ಸಂಖ್ಯೆ ನೋಡಿ ದಾಖಲೆ ತೆಗೆದಾಗ ಅದು 1882ರಲ್ಲಿ ತಯಾರಾದದ್ದು ಅಂತ ಗೊತ್ತಾಯಿತು. ಯಾರೋ ಒರಗಿಸಿ ಹೋದರು, ಮತ್ತೆ ಬರಲಿಲ್ಲ. ಬಿಸಿಲಿಗೆ ಮರದ ಭಾಗ ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು, ಬುಡ ಮಣ್ಣಲ್ಲಿ ಹೂತಿತ್ತು. ವಯೋಮಿಂಗ್‌ನ ಕೋಡಿ ಊರಿನ ಬಂದೂಕು ಸಂಗ್ರಹಾಲಯದವರು ಅದನ್ನು ತಗೊಂಡು ಏನು ಮಾಡಿದರು ಅಂದರೆ, ಎಕ್ಸ್-ರೇ ತೆಗೆದು ಒಳಗೆ ತೋಟಾ ಇದೆಯೋ ಅಂತ ನೋಡಿದರು, ಉದುರುತ್ತಿದ್ದ ಮರವನ್ನು ಇನ್ನು ಉದುರದ ಹಾಗೆ ಗಟ್ಟಿ ಮಾಡಿದರು, ಅಷ್ಟೇ. ಪಾಲಿಶ್ ಇಲ್ಲ, ಹೊಸ ಬಣ್ಣ ಇಲ್ಲ. ಸ್ಟಾಕ್‌ನ, ಅಂದರೆ ಹೆಗಲಿಗೆ ಒರಗಿಸುವ ಮರದ ಭಾಗದ, ಹಿಂದಿನ ಗೂಡಿನಲ್ಲಿ ಒಂದು ತೋಟಾ ಸಿಕ್ಕಿತಂತೆ. ಆ ರೈಫಲ್‌ನ ಫೋಟೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದನ್ನು ಯಾರಾದರೂ ಉಜ್ಜಿ ಹೊಳೆಯುವ ಹಾಗೆ ಮಾಡಿದ್ದರೆ ಅದು ಸಾವಿರಾರು ವಿಂಚೆಸ್ಟರ್‌ಗಳಲ್ಲಿ ಇನ್ನೊಂದು ಆಗುತ್ತಿತ್ತು.

ಆದರೆ ನನ್ನದರಲ್ಲಿ ಗುಂಡು ಹಾರಬೇಕು. ಮುಖದ ಪಕ್ಕದಲ್ಲೇ ಮದ್ದು ಸಿಡಿಯುತ್ತದೆ. ಅಲ್ಲಿ 'ಹೇಗಿದೆಯೋ ಹಾಗೇ ಇರಲಿ' ಅನ್ನೋಕೆ ಆಗಲ್ಲ. ಒಳಗಡೆ ಗಟ್ಟಿ ಇರಲೇಬೇಕು. ಹೊರಗಡೆ? ಹೊರಗಡೆ ಎಷ್ಟು ಮುಟ್ಟಬೇಕು ಅನ್ನೋದೇ ತಿಂಗಳುಗಟ್ಟಲೆ ನನ್ನ ತಲೆಯಲ್ಲಿ ಓಡಿದ್ದು.

ಮೊದಲು ಈ ಬಂದೂಕು ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಅನ್ನುವವರು ಪೇಟೆಂಟ್ ಮಾಡಿದ ಹೆನ್ರಿ ರೈಫಲ್ ಇದರ ಅಜ್ಜ. ಅದರಲ್ಲಿ ನಳಿಕೆಯ ಕೆಳಗಿನ ಕೊಳವೆಗೆ ಮುಂದಿನಿಂದ ತೋಟಾ ತುಂಬಬೇಕಿತ್ತು. ಕೊಳವೆಯ ಉದ್ದಕ್ಕೂ ಒಂದು ಸೀಳು, ಆ ಸೀಳಿನಿಂದ ಧೂಳು ಒಳಗೆ ಹೋಗುತ್ತಿತ್ತು. 1866ರ ಮಾದರಿಯಲ್ಲಿ ನೆಲ್ಸನ್ ಕಿಂಗ್ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಮಾಡಿದರು. ಹೆಬ್ಬೆರಳಿನಿಂದ ತೋಟಾ ಒತ್ತಿದರೆ ಒಳಗೆ ಹೋಗುತ್ತದೆ, ಕೊಳವೆ ಪೂರ್ತಿ ಮುಚ್ಚಿರುತ್ತದೆ. 1873ರಲ್ಲಿ ಹಳದಿ ಲೋಹದ ಚೌಕಟ್ಟು ಹೋಗಿ ಕಬ್ಬಿಣದ್ದು ಬಂತು, ಜೊತೆಗೆ 44-40 ಅನ್ನೋ ಹೊಸ ತೋಟಾ ಬಂತು. 44 ಅಂದರೆ ಗುಂಡಿನ ಅಳತೆ, ಇಂಚಿನ ನೂರು ಭಾಗದಲ್ಲಿ ಸುಮಾರು ಅಷ್ಟು. 40 ಅಂದರೆ ತುಂಬುತ್ತಿದ್ದ ಕಪ್ಪು ಮದ್ದಿನ ತೂಕ, 40 ಗ್ರೇನ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ.

ಈ ತೋಟಾದಲ್ಲಿ ಮದ್ದಿಗೆ ಬೆಂಕಿ ಹೊತ್ತಿಸುವ ಸಿಡಿಮದ್ದು, ಅಂದರೆ ಪ್ರೈಮರ್, ಬುಡದ ನಡುವಿನಲ್ಲಿರುತ್ತದೆ. ಹೆನ್ರಿಯಲ್ಲಿ ಅದು ಬುಡದ ಅಂಚಿನೊಳಗಿತ್ತು. ಚಿಕ್ಕ ವ್ಯತ್ಯಾಸದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ನಡುವಿನ ಪ್ರೈಮರ್ ತೆಗೆದು ಹೊಸದು ಹಾಕಬಹುದು, ಹಾಗಾಗಿ ಅದೇ ಹಿತ್ತಾಳೆ ಚಿಪ್ಪನ್ನು ಮತ್ತೆ ಮತ್ತೆ ತುಂಬಬಹುದು. ಊರು ಅಂಗಡಿ ಎಲ್ಲ ದೂರ ಇದ್ದ ಕಾಲದಲ್ಲಿ ಜನ ಈ ರೈಫಲ್ ಹಿಡಿದದ್ದಕ್ಕೆ ಅದೂ ಒಂದು ಕಾರಣ. ಇವತ್ತು ನಾನು ಇದರಲ್ಲಿ ಗುಂಡು ಹಾರಿಸೋಕೆ ಆಗುತ್ತಿರುವುದಕ್ಕೂ ಅದೇ ಕಾರಣ. ಅಮೆರಿಕದ ನ್ಯೂ ಹೇವನ್‌ನಲ್ಲಿ ಸುಮಾರು ಐವತ್ತು ವರ್ಷ ಇದು ತಯಾರಾಯಿತು, ಒಟ್ಟು 7 ಲಕ್ಷ 20 ಸಾವಿರದಷ್ಟು. ಈ ಸಂಖ್ಯೆ ನನಗೆ ಧೈರ್ಯ ಕೊಟ್ಟಿತು. ನಾಲ್ಕೋ ಐದೋ ಮಾತ್ರ ಉಳಿದಿರುವ ಬಂದೂಕಾಗಿದ್ದರೆ ನಾನು ಸ್ಕ್ರೂಡ್ರೈವರ್ ಕೈಗೆ ತಗೊಳ್ಳುತ್ತಿರಲಿಲ್ಲ.

ಸ್ಕ್ರೂಡ್ರೈವರ್ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಕೆಳಗೆ ಸಪೂರ, ಮೇಲೆ ಹೋದ ಹಾಗೆ ದಪ್ಪ. ಹಳೆಯ ಬಂದೂಕಿನ ಸ್ಕ್ರೂ ಗೀರು ಮಾತ್ರ ನೇರ, ತುಂಬ ಸಣ್ಣ. ಆ ದಪ್ಪ ತುದಿ ಗೀರಿನ ಮೇಲ್ಭಾಗದಲ್ಲಿ ಮಾತ್ರ ಕಚ್ಚುತ್ತದೆ, ತಿರುಗಿಸಿದರೆ ಜಾರುತ್ತದೆ. ನನ್ನದೂ ಜಾರಿತು. ಎರಡನೇ ಸಂಜೆಯೇ. ಪಕ್ಕದ ತಗಡಿನ ಮೇಲೆ ಬೆರಳಿನ ಉಗುರಿನಷ್ಟು ಉದ್ದದ ಒಂದು ಬೆಳ್ಳಿ ಗೆರೆ ಬಿತ್ತು. ನೂರು ವರ್ಷಕ್ಕೂ ಜಾಸ್ತಿ ಕಾಲ ಯಾರ್ಯಾರದೋ ಕೈಯಲ್ಲಿದ್ದು ಬಂದ ವಸ್ತುವಿನ ಮೇಲೆ ನನ್ನ ಗುರುತು ಅದು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ತುದಿ ಪೂರ್ತಿ ಒಂದೇ ದಪ್ಪ ಇರುವ, ಬಂದೂಕಿನ ಕೆಲಸಕ್ಕೇ ಅಂತ ಮಾಡಿದ ಸ್ಕ್ರೂಡ್ರೈವರ್‌ಗಳನ್ನು ತರಿಸಿ, ಒಂದೊಂದು ಸ್ಕ್ರೂ ಗೀರಿಗೂ ಒಂದೊಂದನ್ನು ಉಜ್ಜಿ ಅಳತೆಗೆ ತಂದುಕೊಂಡೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮೊದಲಿನದು. ಕೊಳವೆಯೊಳಗೆ ತೋಟಾ ಸಾಲಾಗಿ ಕೂರುವ ಬಂದೂಕು ಖಾಲಿ ಇದೆ ಅಂತ ಕಾಣುತ್ತದೆ, ಖಾಲಿ ಇರುವುದಿಲ್ಲ. ಸ್ಪ್ರಿಂಗ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಒಂದು ತೋಟಾ ಕೊಳವೆಯ ನಡುವಿನಲ್ಲಿ ನಿಂತುಬಿಟ್ಟಿರಬಹುದು. ನೀವು ಹತ್ತು ಸಲ ಲಿವರ್ ಆಡಿಸಿದರೂ ಹೊರಗೆ ಬರಲ್ಲ, ಹನ್ನೊಂದನೇ ಸಲ ಬರುತ್ತದೆ. ತೋಟಾ ಕೂತು ಸಿಡಿಯುವ ಚೇಂಬರ್ ನೋಡಬೇಕು, ತೋಟಾ ಮೇಲೆತ್ತುವ ಕಂಚಿನ ಗಟ್ಟಿ ನೋಡಬೇಕು, ಕೊಳವೆಯ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಹೊರಗೆ ತೆಗೆದು ಈ ತುದಿಯಿಂದ ಆ ತುದಿಗೆ ಬೆಳಕು ಬಿಟ್ಟು ನೋಡಬೇಕು. ಆಮೇಲೆಯೇ ಉಳಿದ ಕೆಲಸ.

ಪಕ್ಕದ ತಗಡುಗಳನ್ನು ತೆಗೆದಾಗ ಈ ಬಂದೂಕಿನ ಮನಸ್ಸು ಕಾಣುತ್ತದೆ ಅಂತ ನನಗೆ ಅನಿಸಿತು. ಎರಡೂ ಕಡೆಯ ತಗಡುಗಳನ್ನು ಹಿಡಿದಿರುವುದು ಒಂದೇ ಸ್ಕ್ರೂ. ಒಳಗೆ ಎರಡೂ ಬದಿಗೆ ಒಂದೊಂದು ಜೊತೆ ಕೊಂಡಿ. ನಮ್ಮ ಮೊಣಕಾಲಿನ ಹಾಗೇ ಕೆಲಸ ಮಾಡುತ್ತವೆ. ನೀವು ಕಾಲು ನೇರ ಮಾಡಿ ನಿಂತರೆ ಎಷ್ಟು ಭಾರ ಬೇಕಾದರೂ ತಡೆಯುತ್ತೀರಿ, ಮೊಣಕಾಲಿನ ಹಿಂದೆ ಯಾರಾದರೂ ಮೆಲ್ಲಗೆ ತಟ್ಟಿದರೆ ಕುಸಿಯುತ್ತೀರಿ. ಲಿವರ್ ಮುಚ್ಚಿದಾಗ ಕೊಂಡಿಗಳು ನೇರವಾಗಿ ನಿಂತು, ತೋಟಾದ ಬುಡಕ್ಕೆ ಒತ್ತಿ ನಿಲ್ಲುವ ಬೋಲ್ಟನ್ನು ಹಿಂದಕ್ಕೆ ಬಾರದ ಹಾಗೆ ತಡೆಯುತ್ತವೆ. ಲಿವರ್ ಕೆಳಗೆ ಎಳೆದರೆ ಮಡಚಿಕೊಳ್ಳುತ್ತವೆ, ಬೋಲ್ಟ್ ಹಿಂದಕ್ಕೆ ಬರುತ್ತದೆ, ಖಾಲಿ ಚಿಪ್ಪು ಮೇಲಕ್ಕೆ ಹಾರುತ್ತದೆ, ಕಂಚಿನ ಗಟ್ಟಿ ಹೊಸ ತೋಟಾವನ್ನು ಹೊತ್ತುಕೊಂಡು ಲಿಫ್ಟ್ ಹಾಗೆ ನೇರ ಮೇಲಕ್ಕೇರುತ್ತದೆ. ಇಷ್ಟು ನುಣುಪಾಗಿ ಕೆಲಸ ಮಾಡುವ ಬಂದೂಕು ಆಮೇಲೆ ಬಂದವುಗಳಲ್ಲೂ ಕಡಿಮೆ. 1892ರಲ್ಲಿ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಮಾಡಿಕೊಟ್ಟ ವಿಂಚೆಸ್ಟರ್ ಇದಕ್ಕಿಂತ ಎಷ್ಟೋ ಗಟ್ಟಿ, ಅದು ನಿಜ. ಆದರೆ ಲಿವರ್ ಎಳೆದಾಗ ಕೈಗೆ ಸಿಗುವ ಆ ಸುಖ ನನಗೆ ಇದರಲ್ಲೇ ಜಾಸ್ತಿ.

ಇದರ ದುರ್ಬಲ ಜಾಗವೂ ಅಲ್ಲೇ ಇದೆ. ಎಲ್ಲ ಒತ್ತಡವೂ ಆ ಕೊಂಡಿ ಮತ್ತು ಪಿನ್‌ಗಳ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಬಳಸಿದರೆ ಪಿನ್ ಸವೆಯುತ್ತದೆ, ರಂಧ್ರ ಅಗಲವಾಗುತ್ತದೆ, ಬೋಲ್ಟ್‌ಗೂ ತೋಟಾದ ಬುಡಕ್ಕೂ ನಡುವೆ ಸಂದು ಬರುತ್ತದೆ. ಸಂದು ಜಾಸ್ತಿಯಾದರೆ ಸಿಡಿದಾಗ ಚಿಪ್ಪು ಹಿಂದಕ್ಕೆ ಚಾಚಿಕೊಂಡು ಒಡೆಯಬಹುದು, ಬಿಸಿ ಗಾಳಿ ಮುಖದ ಕಡೆಗೇ ಬರಬಹುದು. ಇದನ್ನು ಅಳೆಯೋದು ನನ್ನ ಕೆಲಸ ಅಲ್ಲ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಹಳೆಯ ಲಿವರ್ ರೈಫಲ್‌ಗಳಲ್ಲೇ ಜೀವನ ಕಳೆದ ಒಬ್ಬ ಹಿರಿಯ ಗನ್‌ಸ್ಮಿತ್ ಹತ್ತಿರ ತಗೊಂಡು ಹೋದೆ. ಅವರು ಗೇಜ್ ಹಾಕಿ ನೋಡಿದರು, ಮತ್ತೆ ನೋಡಿದರು. "ಪಿನ್ ಹೋಗಿದೆ, ಕೊಂಡಿ ಪರವಾಗಿಲ್ಲ" ಅಂದರು. ಆಮೇಲೆ ಕೇಳಿದರು: "ನಳಿಕೆ ಉಜ್ಜಿದ್ದು ನೀವಾ?"

ಉಜ್ಜಿದ್ದು ನಾನಲ್ಲ. ನನಗಿಂತ ಮುಂಚೆ ಯಾರೋ. ಎಂಟು ಮೂಲೆಯ ನಳಿಕೆ ಇದು, ಮೂಲೆಗಳು ಚಾಕುವಿನ ಅಂಚಿನ ಹಾಗೆ ಇರಬೇಕು. ಯಂತ್ರದ ಗಾಲಿಗೆ ಹಿಡಿದು ಪಾಲಿಶ್ ಮಾಡಿದ್ದರಿಂದ ಎಡಗಡೆಯ ಮೂಲೆಗಳೆಲ್ಲ ದುಂಡಗಾಗಿವೆ. ಮೇಲೆ ಕಂಪನಿಯ ವಿಳಾಸ, ಕಿಂಗ್ ಅವರ ಸುಧಾರಣೆಯ ಪೇಟೆಂಟ್ ದಿನಾಂಕ ಎಲ್ಲ ಒತ್ತಿರುತ್ತಾರೆ. ನನ್ನದರಲ್ಲಿ ಅರ್ಧ ಅಕ್ಷರಗಳು ಬೆರಳಿಗೂ ಸಿಗಲ್ಲ. ತುಕ್ಕಿಗಿಂತ ಹೆಚ್ಚು ಲೋಹವನ್ನು ಆ ಗಾಲಿ ತಿಂದಿದೆ. ಒಳ್ಳೆಯದು ಮಾಡಬೇಕು ಅಂತಲೇ ಮಾಡಿದ್ದಿರಬೇಕು. ನನಗೆ ನೋಡಿದಾಗೆಲ್ಲ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಹಾಗಾದರೆ ತುಕ್ಕಿಗೆ ಏನು ಮಾಡುವುದು? ನಾನು ಕಲಿತ ದಾರಿ ಹಳೆಯದು, ನಿಧಾನದ್ದು, ನನಗೆ ತುಂಬ ಇಷ್ಟವಾದದ್ದು. ಕೆಂಪು ತುಕ್ಕೂ, ಬಂದೂಕಿಗೆ ಹಾಕುವ ಆ ಕಪ್ಪು ನೀಲಿ ಬಣ್ಣವೂ ಎರಡೂ ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದೇ. ಸೇರುವ ರೀತಿ ಬೇರೆ. ಕೆಂಪು ತುಕ್ಕು ಸಡಿಲ, ಪುಡಿಪುಡಿ, ನೀರು ಹಿಡಿದಿಟ್ಟುಕೊಂಡು ಒಳಗೆ ಕೊರೆಯುತ್ತಾ ಹೋಗುತ್ತದೆ. ಕಪ್ಪಿನದು ಮ್ಯಾಗ್ನೆಟೈಟ್, ಬಿಗಿಯಾಗಿ ಅಂಟಿಕೊಂಡಿರುತ್ತದೆ, ಎಣ್ಣೆ ಹಿಡಿಯುತ್ತದೆ. ಜಿಡ್ಡು ಪೂರ್ತಿ ತೆಗೆದ ಭಾಗವನ್ನು ಶುದ್ಧ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಕೆಂಪು ಕಪ್ಪಾಗುತ್ತದೆ. ನಿಜಕ್ಕೂ ಆಗುತ್ತದೆ, ಕಣ್ಣೆದುರಿಗೇ! ಮೇಲೆ ಮಖಮಲ್ಲಿನ ಹಾಗೆ ಒಂದು ಕರಿ ಪದರ ಬರುತ್ತದೆ. ತುಂಬ ಸಣ್ಣ ತಂತಿಯ ಮೆತ್ತನೆ ಬ್ರಶ್‌ನಿಂದ ಅದನ್ನು ಒರೆಸಿದರೆ ಕೆಳಗೆ ಗಟ್ಟಿ ಕಪ್ಪು ಉಳಿಯುತ್ತದೆ. ಮತ್ತೆ ಕುದಿಸುವುದು, ಮತ್ತೆ ಒರೆಸುವುದು. ಲಿವರ್, ಪಕ್ಕದ ತಗಡುಗಳು, ತೋಟಾ ಕೊಳವೆ, ಎಲ್ಲವನ್ನೂ ಹೀಗೇ ಮಾಡಿದೆ. ಕುದಿಯುವ ನೀರಿನ ಬಿಸಿ ಉಕ್ಕಿನ ಗಡಸುತನಕ್ಕೆ ಏನೂ ಮಾಡಲ್ಲ, ಹಾಗಾಗಿ ಭಯವಿಲ್ಲ. ಹೊಸ ಬಣ್ಣ ಹಾಕಿದ ಹಾಗೆ ಕಾಣಲ್ಲ. ಅಲ್ಲಲ್ಲಿ ಕಂದು, ಅಲ್ಲಲ್ಲಿ ಕಪ್ಪು, ಕೈ ಹಿಡಿಯುವ ಜಾಗದಲ್ಲಿ ಬೂದು. ಹಳೆಯದು ಹಳೆಯದರ ಹಾಗೇ ಇದೆ, ಆದರೆ ತಿನ್ನುವುದು ನಿಂತಿದೆ.

ಮರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಉಪ್ಪುಕಾಗದ ಹಾಕಬೇಡಿ. ಕಾರ್ಖಾನೆಯಲ್ಲಿ ಮರವನ್ನು ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕೆ ಬಿಟ್ಟಿರುತ್ತಾರೆ, ಉಜ್ಜಿದರೆ ಅದು ಲೋಹಕ್ಕಿಂತ ಕೆಳಗೆ ಹೋಗುತ್ತದೆ, ಆಮೇಲೆ ಯಾರೂ ಅದನ್ನು ಮತ್ತೆ ಮೇಲೆ ತರಲಾರರು. ಕೊಳೆ ಒರೆಸಿ, ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ತಿಕ್ಕಿ, ಒಂದು ದಿನ ಬಿಟ್ಟು ಮತ್ತೆ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ.

ನಳಿಕೆಯ ಒಳಗೆ ನೋಡಿದಾಗ ನನಗೆ ಅರ್ಧ ಆಸೆ ಹೋಗಿತ್ತು. ಹಳೆಯ ಕಾಲದ ಪ್ರೈಮರ್‌ಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಒಂದು ಬಗೆಯ ಉಪ್ಪನ್ನು ಬಿಡುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಅದು ಕರಗಲ್ಲ. ಎಷ್ಟೋ ಜನ ಗುಂಡು ಹಾರಿಸಿ ಬಂದು ಎಣ್ಣೆ ಹಚ್ಚಿ, ಆಯ್ತು ಅಂದುಕೊಂಡು ಇಟ್ಟರು. ಉಪ್ಪು ಎಣ್ಣೆಯ ಕೆಳಗೇ ಕೂತು ತನ್ನ ಕೆಲಸ ಮಾಡಿತು. ನನ್ನ ನಳಿಕೆಯಲ್ಲಿ ಸಿಡುಬಿನ ಕಲೆಯ ಹಾಗೆ ಚಿಕ್ಕ ಚಿಕ್ಕ ಗುಳಿಗಳು. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಮಾತ್ರ ಇನ್ನೂ ಚೂಪಾಗಿದ್ದವು. "ನೋಡೋಕೆ ಹೇಗಿದೆ ಅಂತ ನಳಿಕೆಯನ್ನು ಅಳೆಯಬೇಡಿ, ಗುರಿಯ ಕಾಗದದ ಮೇಲೆ ಗುಂಡು ಎಲ್ಲಿ ಬೀಳುತ್ತೆ ನೋಡಿ" ಅಂದರು ಗನ್‌ಸ್ಮಿತ್. ಮೆತ್ತನೆ ಸೀಸದ ಒಂದು ಉಂಡೆಯನ್ನು ಮುಂದಿನಿಂದ ತಳ್ಳಿ ಇನ್ನೊಂದು ಕಡೆ ತೆಗೆದು ಮೈಕ್ರೋಮೀಟರ್‌ನಿಂದ ಅಳೆದೆವು. ಲೆಕ್ಕದ ಪ್ರಕಾರ ಇರಬೇಕಾದದ್ದು 0.427 ಇಂಚು, ನನ್ನದು 0.429. ಹಳೆಯ ನಳಿಕೆಗಳಲ್ಲಿ ಇಂಥ ವ್ಯತ್ಯಾಸ ಮಾಮೂಲು. ಗುಂಡು ಅದಕ್ಕಿಂತ ಚಿಕ್ಕದಾದರೆ ಪಕ್ಕದಿಂದ ಬಿಸಿ ಗಾಳಿ ನುಗ್ಗಿ ಸೀಸ ಕರಗಿ ನಳಿಕೆಗೆ ಬಳಿದುಕೊಳ್ಳುತ್ತದೆ. ಹಾಗಾಗಿ ಗುಂಡನ್ನು ನಳಿಕೆಗೆ ತಕ್ಕ ಹಾಗೆ ಎರಕ ಹೊಯ್ಯಬೇಕು, ಅದೂ ಮೂತಿ ಚಪ್ಪಟೆ ಇರುವಂಥದ್ದು. ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ ತಾಗಿಕೊಂಡು ಕೂರುತ್ತದಲ್ಲ, ಚೂಪು ಮೂತಿಯಾದರೆ ಹಿಂದಕ್ಕೆ ಒದೆದಾಗ ಅದು ಪ್ರೈಮರನ್ನು ಚುಚ್ಚಿಬಿಡಬಹುದು.

ಮದ್ದು ಯಾವುದು ಅನ್ನೋದರಲ್ಲಿ ನಾನು ಹಟಮಾರಿ. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೇಲ್ ಹೊಗೆ ಇಲ್ಲದ ಮದ್ದು ಮಾಡುವುದಕ್ಕಿಂತ ಹನ್ನೊಂದು ವರ್ಷ ಮುಂಚೆಯೇ ಬಂದ ಬಂದೂಕು ಇದು. 1892ರ ಗಟ್ಟಿ ರೈಫಲ್‌ಗೆ ಅಂತ ಆಮೇಲೆ ಇದೇ 44-40 ಹೆಸರಿನಲ್ಲಿ ಜಾಸ್ತಿ ವೇಗದ ತೋಟಾಗಳೂ ಬಂದವು. ಅವು 73ರ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತವೆ, ಅಪಾಯ ಇರುವುದೇ ಅಲ್ಲಿ. ಹೊಸ ಮದ್ದನ್ನೇ ಕಡಿಮೆ ಒತ್ತಡದ ಲೆಕ್ಕದಲ್ಲಿ ತುಂಬಿ ಹಾರಿಸುವವರಿದ್ದಾರೆ. ನಾನು ಕಪ್ಪು ಮದ್ದನ್ನೇ ತುಂಬುತ್ತೇನೆ, ಈ ಕಬ್ಬಿಣಕ್ಕೆ ಗೊತ್ತಿರುವುದು ಅದೇ.

ಮೊದಲ ಗುಂಡನ್ನು ನಾನು ಹೆಗಲಿಗಿಟ್ಟು ಹಾರಿಸಲಿಲ್ಲ. ಹೊಸ ಪಿನ್ ಕೂರಿಸಿ, ಗೇಜ್ ಹಾಕಿ ನೋಡಿದ ಮೇಲೂ ಗನ್‌ಸ್ಮಿತ್ ಒಪ್ಪಲಿಲ್ಲ. ರೈಫಲನ್ನು ಭಾರದ ಸ್ಟ್ಯಾಂಡ್‌ಗೆ ಕಟ್ಟಿ, ಟ್ರಿಗರ್‌ಗೆ ದಾರ ಕಟ್ಟಿ, ನಾವಿಬ್ಬರೂ ಗೋಡೆಯ ಹಿಂದೆ ನಿಂತು ಎಳೆದೆವು. ಒಂದೇ ತೋಟಾ. ದಡ್ ಅಂತ ಒಂದು ದಪ್ಪ ಸದ್ದು, ಆಮೇಲೆ ಬಿಳಿ ಹೊಗೆ. ಹೊಗೆ ಹೋಗುವವರೆಗೆ ಕಾದು ಅವರು ಚಿಪ್ಪನ್ನು ಕೈಗೆ ತಗೊಂಡು ಕನ್ನಡಕ ಮೇಲೆತ್ತಿ ನೋಡಿದರು. ಪ್ರೈಮರ್ ಬುಡಕ್ಕೆ ಸಮ ಕೂತಿತ್ತು, ಹೊರಗೆ ಚಾಚಿರಲಿಲ್ಲ. ಚಿಪ್ಪು ಚಾಚಿಕೊಂಡಿದ್ದರೆ ಮೈಯಲ್ಲಿ ಹೊಳೆಯುವ ಉಂಗುರ ಕಾಣುತ್ತದೆ, ಅದೂ ಇರಲಿಲ್ಲ. ಹಾಗೇ ಐದು. ಐದನ್ನೂ ಸಾಲಾಗಿ ನಿಲ್ಲಿಸಿ ನೋಡಿದ ಮೇಲೆಯೇ "ಈಗ ತಗೊಳ್ಳಿ" ಅಂದದ್ದು.

ಹೆಗಲಿಗೆ ಬಂದಾಗ ಒದೆತ ಅನ್ನುವಂಥದ್ದು ಏನೂ ಇಲ್ಲ, ಒಂದು ತಳ್ಳು ಅಷ್ಟೇ. ಐವತ್ತು ಮೀಟರ್‌ನಲ್ಲಿ ಹತ್ತು ಗುಂಡು ನನ್ನ ಅಂಗೈಯೊಳಗೆ ಹಿಡಿಯುವಷ್ಟು ಜಾಗದಲ್ಲಿ ಬಿದ್ದವು. ಗುಳಿಬಿದ್ದ ಆ ನಳಿಕೆಯಿಂದ! ನನಗೆ ಮಾತೇ ಬರಲಿಲ್ಲ.

ಆದರೆ ನಿಜವಾದ ಕೆಲಸ ಶುರುವಾಗೋದು ಆಮೇಲೆ. ಸರಿಪಡಿಸುವುದು ಒಂದು ಸಲ, ನೋಡಿಕೊಳ್ಳುವುದು ಪ್ರತಿ ಸಲ. ಕಪ್ಪು ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಭಾಗ ಗಾಳಿಯಾಗುವುದೇ ಇಲ್ಲ, ಗಟ್ಟಿ ಕಣವಾಗಿ ಉಳಿಯುತ್ತದೆ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದು ನಳಿಕೆಗೆ ಅಂಟುತ್ತದೆ, ತೇವ ಎಳೆಯುತ್ತದೆ. ನಾಳೆ ತೊಳೆದರಾಯಿತು ಅನ್ನುವ ಮಾತೇ ಇಲ್ಲ. ಒಂದು ಪುಣ್ಯ ಏನೆಂದರೆ 44-40ರ ಚಿಪ್ಪಿನ ಕುತ್ತಿಗೆ ತುಂಬ ತೆಳು, ಸಿಡಿದ ಕೂಡಲೇ ಅಗಲವಾಗಿ ಚೇಂಬರಿಗೆ ಅಂಟಿ ಬಾಗಿಲು ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ಹಾಗಾಗಿ ಮಸಿ ಎಲ್ಲ ನಳಿಕೆಯಲ್ಲೇ ಉಳಿಯುತ್ತದೆ, ಕೊಂಡಿಗಳ ಕಡೆಗೆ ಅಷ್ಟಾಗಿ ಬರಲ್ಲ.

ತೊಳೆಯುವುದು ಬಿಸಿನೀರಲ್ಲಿ. ಉಕ್ಕಿಗೆ ನೀರಾ ಅಂತ ಮೊದಲು ನನಗೂ ಅನಿಸಿತ್ತು. ಉಪ್ಪು ಕರಗುವುದು ನೀರಿನಲ್ಲೇ, ನೀರು ಬಿಸಿ ಇದ್ದರೆ ಲೋಹವೂ ಬಿಸಿಯಾಗಿ ಬೇಗ ಒಣಗುತ್ತದೆ. ಈ ರೈಫಲ್‌ಗೆ ಹಿಂದಿನಿಂದ ಕೋಲು ಹಾಕೋಕೆ ದಾರಿ ಇಲ್ಲ, ಮುಂದಿನಿಂದಲೇ ಹಾಕಬೇಕು. ಕೋಲು ನಳಿಕೆಯ ತುದಿಗೆ ಉಜ್ಜಿದರೆ ಆ ಅಂಚು ಸವೆಯುತ್ತದೆ, ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದೇ ಅಂಚನ್ನು. ಅದಕ್ಕೆ ತುದಿಗೆ ಒಂದು ಹಿತ್ತಾಳೆ ಬಿರಡೆ ಸಿಕ್ಕಿಸಿ, ಅದರ ನಡುವಿನ ರಂಧ್ರದಿಂದ ಕೋಲು ಬಿಡುತ್ತೇನೆ. ಚೇಂಬರಿನ ಕಡೆ ಬಟ್ಟೆ ತುರುಕಿ, ನೀರು ಕೊಂಡಿಗಳಿಗೆ ಇಳಿಯದ ಹಾಗೆ ಮೂತಿ ಕೆಳಗೆ ಮಾಡಿ ಹಿಡಿಯುತ್ತೇನೆ. ಮೊದಲ ಬಟ್ಟೆ ಕರ್ರಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ, ಮದ್ದಿನಲ್ಲಿರುವ ಗಂಧಕದ್ದು. ನಾಲ್ಕನೆಯದು ಬೂದು. ಏಳೆಂಟನೆಯದು ಬಿಳಿ. ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ, ಕೀಲುಗಳಿಗೆ ಒಂದೊಂದು ಹನಿ.

ತೆಗೆದ ಹಳೆಯ ಪಿನ್‌ಗಳು, ತುಕ್ಕು ಹಿಡಿದ ಕೊಳವೆಯ ಸ್ಪ್ರಿಂಗ್, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಚೀಟಿ ಬರೆದು ಇಟ್ಟಿದ್ದೇನೆ. ಮುಂದೆ ಇದನ್ನು ಹಿಡಿಯುವವರಿಗೆ ನಾನು ಏನು ಬದಲಾಯಿಸಿದೆ, ಏನು ಬಿಟ್ಟೆ ಅಂತ ಗೊತ್ತಿರಬೇಕು. ನನ್ನ ಸ್ಕ್ರೂಡ್ರೈವರ್ ಗೀರಿನ ಬಗ್ಗೆಯೂ ಒಂದು ಚೀಟಿ ಇದೆ. ಅದನ್ನು ಮರೆಮಾಡೋಕೆ ಬಣ್ಣ ಹಾಕಲಿಲ್ಲ.

ಹೋದ ವಾರ ಮತ್ತೆ ಹಾರಿಸಿ ಬಂದೆ. ರಾತ್ರಿ ತೊಳೆದು ಎಣ್ಣೆ ಹಾಕಿ ಇಟ್ಟೆ. ಮರುದಿನ ಒಂದು ಬಟ್ಟೆ ಆಡಿಸಿ ನೋಡಿದರೆ ನಡುವೆ ತೆಳ್ಳಗೆ ಒಂದು ಕಂದು ಗೆರೆ. ಯಾವುದೋ ಗುಳಿಯಲ್ಲಿ ಉಪ್ಪು ಉಳಿದಿತ್ತು. ನೀರು ಕಾಯಿಸಿ ಮೊದಲಿನಿಂದ ಮತ್ತೆ ಮಾಡಿದೆ. ಮೂರನೇ ದಿನ ಇನ್ನೊಂದು ಬಟ್ಟೆ, ಅದು ಬೆಳ್ಳಗೆ ಬಂತು. ಮತ್ತೊಮ್ಮೆ ಎಣ್ಣೆ ಹಾಕಿ, ಅದು ಮರದೊಳಗೆ ಇಳಿಯದ ಹಾಗೆ ಮೂತಿ ಕೆಳಗೆ ಮಾಡಿ ಬೀರುವಿನಲ್ಲಿ ನಿಲ್ಲಿಸಿ, ಬೀಗ ಹಾಕಿದೆ.